ನಾಗಾವಿಯ ಆರು ಮಂದಿ ಸರಸ್ವತೀ ಭಂಡಾರಿಗರು

ಚಿತ್ತಾಪುರದ ಬಳಿಯ ನಾಗಾವಿಯನ್ನು ‘ಎರಡನೆಯ ತಕ್ಷಶಿಲೆ’ ಎಂದು ಕೊಂಡಾಡುವುದು ನಮ್ಮ ಸೀಮೆಯ ಭಾಷಣಕಾರರಿಗೆ ರೂಢಿಯಾಗಿಬಿಟ್ಟಿದೆ. ಕೊಂಡಾಡಲಿ, ಯಾರು ಬೇಡವೆನ್ನುವರು? ಆದರೆ ಅಲ್ಲಿಯ ಶಾಸನವು ಹೊಗಳಿಕೆಗಿಂತ ಸ್ವಾರಸ್ಯವಾಗಿದೆ, ಅದರಲ್ಲಿರುವುದು ಲೆಕ್ಕ.

ಕ್ರಿ. ಶ. 1058ರಲ್ಲಿ, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಮಧುಸೂದನನೆಂಬ ದಂಡನಾಯಕನು ಇಲ್ಲಿಯ ದೇವಾಲಯ ಹಾಗೂ ಘಟಿಕಾಸ್ಥಾನಕ್ಕೆ ಏರ್ಪಾಡು ಮಾಡಿದನು. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು. ಶಾಸ್ತ್ರಾಧ್ಯಯನಕ್ಕೆ ಐವತ್ತರಷ್ಟು ಮಂದಿ. ವೇದಕ್ಕೆ 3 ಅಧ್ಯಾಪಕರು, ಶಾಸ್ತ್ರಕ್ಕೆ 3 – ಭಾಟ್ಟ, ಪ್ರಾಭಾಕರ, ನ್ಯಾಸ. ಇವರಲ್ಲದೆ 6 ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು! ಪಾಠ ಹೇಳುವವರೆಷ್ಟೋ ಪುಸ್ತಕ ಕಾಯುವವರೂ ಅಷ್ಟೇ. ಓಲೆಗರಿಗೆ ಹುಳು ಹತ್ತದಂತೆ ನೋಡಬೇಕು, ಜೀರ್ಣವಾದುದನ್ನು ಪ್ರತಿಮಾಡಿಸಬೇಕು, ಕೆಲಸವೇನು ಕಡಿಮೆಯದಾಗಿರಲಿಕ್ಕಿಲ್ಲ.

ಇವರೆಲ್ಲರ ಜೀವನ ನಡೆದುದು ದತ್ತಿಯ ಭೂಮಿಯಿಂದ. ಭೂಮಿ ತಾನಾಗಿ ಬೆಳೆಯುವುದಿಲ್ಲವಷ್ಟೆ! ಉಳುವವರು, ಗಾಣ ತಿರುಗಿಸುವವರು, ಕಲ್ಲು ಕಡಿಯುವವರು ಸುತ್ತ ನೆರೆದುದರಿಂದಲೇ ಇಂತಹ ಅಗ್ರಹಾರಗಳು ಊರಾಗಿ ಬೆಳೆದವು. ಆ ದುಡಿದವರ ಮಕ್ಕಳಿಗೆ ಮಾತ್ರ ವೇದದ ಪಾಠವಿರಲಿಲ್ಲ. ನೂರು ವರ್ಷಗಳ ಬಳಿಕ ಅದೇ ಕಲ್ಯಾಣದಲ್ಲಿ ಶರಣರು ತಿಳಿಗನ್ನಡದಲ್ಲಿ ಮಾತನಾಡಿದುದು ಏಕೆಂಬುದು ಇಲ್ಲಿ ಸ್ವಲ್ಪ ಅರ್ಥವಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾಗಾವಿಯ ವೈಭವವನ್ನು ಕೇಳುವಾಗ ಹೆಮ್ಮೆಯೊಡನೆ ಈ ವಿಚಾರವೂ ಬರುತ್ತದೆ, ಬರಲೇಬೇಕು.

ರಾಜ್ಯಗಳು ಹೋದವು, ಘಟಿಕೆಯೂ ಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಹಾದಿ ಬಂದಿತು. ಆ ಹಾದಿಯ ಮೇಲಿನ ಚಿತ್ತಾಪುರವು ಪಟ್ಟಣವಾಗಿ ಬೆಳೆಯಿತು, ನಾಗಾವಿಯು ಹಾಳು ಗುಡಿಗಳ ಊರಾಗಿ ಉಳಿಯಿತು. ನಿಜಾಮ ಸಂಸ್ಥಾನದ ಪುರಾತತ್ತ್ವ ಇಲಾಖೆ ಇಲ್ಲಿಯ ಶಾಸನಗಳನ್ನು 1928ರಲ್ಲಿ ಅಚ್ಚುಹಾಕಿಸಿತು. ಎಲ್ಲಮ್ಮನ ದರ್ಶನಕ್ಕೆ ಹೋಗುವ ನಾವು ಅರವತ್ತು ಕಂಬದ ಗುಡಿಯನ್ನೂ ನೋಡುತ್ತೇವೆ. ಶಾಸನದ ಮುಂದೆ ನಿಂತು ಅಕ್ಷರ ತಿಳಿಯದೆ ಮುಂದಕ್ಕೆ ನಡೆಯುತ್ತೇವೆ.

ನನ್ನ ಅಭಿಪ್ರಾಯವಿಷ್ಟೇ. ಆ ಶಾಸನದ ಸಾರವನ್ನು ಇಂದಿನ ಕನ್ನಡದಲ್ಲಿ ಬರೆದು ಅಲ್ಲಿ ನಿಲ್ಲಿಸಬೇಕು. ಯಾರು ಓದಿದರು ಎಂಬುದರ ಜೊತೆಗೆ ಯಾರು ಉತ್ತರು ಎಂಬುದನ್ನೂ ಅದರಲ್ಲಿ ಸೇರಿಸಬೇಕು. ತಕ್ಷಶಿಲೆಯ ಮಾತನ್ನು ಸ್ವಲ್ಪ ದಿನ ಬದಿಗಿಟ್ಟು ಆ ಆರು ಭಂಡಾರಿಗರನ್ನು ನೆನೆಯೋಣ. ಆರು ಮಂದಿ ಬೇಡ. ಪ್ರತಿಯೊಂದು ಸರಕಾರಿ ಕಾಲೇಜಿಗೂ ಖಾಯಂ ಗ್ರಂಥಪಾಲಕರೊಬ್ಬರಿರಲಿ. ಪಾಠ ಮುಗಿದ ಮೇಲೆ ಇನ್ನೆರಡು ತಾಸು ಗ್ರಂಥಾಲಯದ ಬಾಗಿಲು ತೆರೆದಿದ್ದರೆ, ಸಂಜೆಯ ಬಸ್ಸಿಗಾಗಿ ಕಾಯುವ ಹಳ್ಳಿಯ ಹುಡುಗ ಹುಡುಗಿಯರು ನಿಲ್ದಾಣದ ಕಟ್ಟೆ ಬಿಟ್ಟು ಅಲ್ಲಿ ಬಂದು ಕೂರುವರು.