ಕಾರು ಬರೆದದ್ದನ್ನು ಓದುವ ಹಕ್ಕು ಯಾರದು?

ಹಳೆಯ ಗಟ್ಟಿಮುಟ್ಟಾದ ಲ್ಯಾಪ್‌ಟಾಪೊಂದನ್ನು ಸಂಘದ ವತಿಯಿಂದ ಸಜ್ಜುಗೊಳಿಸಿ, ಸದಸ್ಯರ ಕಾರುಗಳ ದೋಷ ಪರೀಕ್ಷೆಗೆ ಇಡೋಣವೆಂದು ನಾವು ಸೂಚಿಸಿದ ಮೇಲೆ ಬರುತ್ತಿರುವ ಪ್ರಶ್ನೆ ಒಂದೇ: ಕನ್ನಡ ಸಂಘಕ್ಕೂ ಕಾರಿನ ಗ್ಯಾರೇಜಿಗೂ ಏನು ಸಂಬಂಧ? ನಾಟಕ, ಯಕ್ಷಗಾನ, ನಾಡಹಬ್ಬ, ರಾಜ್ಯೋತ್ಸವ ಇವು ಸಂಘದ ಕೆಲಸ. ಎಣ್ಣೆ ಮೆತ್ತಿದ ಕೈ ಸಂಘದ ಕೆಲಸವಲ್ಲ ಎಂಬುದು ಕೇಳುವವರ ಧಾಟಿ. ಪ್ರಶ್ನೆ ಕೇಳಿದವರ ಬಗ್ಗೆ ನಮಗೆ ಗೌರವವಿದೆ. ಪ್ರಶ್ನೆಯ ಬಗ್ಗೆ ಇಲ್ಲ.

ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಬಗ್ಗೆ ನಾವು ವೇದಿಕೆ ಸಿಕ್ಕಾಗಲೆಲ್ಲ ಹೆಮ್ಮೆಯಿಂದ ಮಾತನಾಡುತ್ತೇವೆ. ಆ ಶಾಲೆಗಳು ಕೊಟ್ಟದ್ದು ಪದ್ಯ ಬಾಯಿಪಾಠವನ್ನಷ್ಟೇ ಅಲ್ಲ. ತನ್ನ ಹೆಸರಿನ ಮುಂದೆ ಎಷ್ಟು ಸಂಬಳ ಬರೆದಿದ್ದಾರೆಂದು ತಾನೇ ಓದಿಕೊಳ್ಳುವ ಧೈರ್ಯವನ್ನು. ಇಂದು ನಮ್ಮ ಕಟ್ಟಡಗಳ ಕೆಳಗೆ ಸಾಲಾಗಿ ನಿಂತ ಕಾರುಗಳು ತಮ್ಮ ಕಾಯಿಲೆಯನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅದನ್ನು ಓದಲಾರದೆ, ಕಂಪನಿಯವರು ಮುಂದಿಟ್ಟ ಬಿಲ್ಲಿಗೆ ಪದವೀಧರರಾದ ನಾವು ಹೆಬ್ಬೆಟ್ಟು ಒತ್ತಿ ಬರುತ್ತಿದ್ದೇವೆ. ಇದು ಅನಕ್ಷರತೆಯಲ್ಲದೆ ಮತ್ತೇನು?

ಬರೆದಿಟ್ಟುಕೊಳ್ಳುತ್ತವೆ ಎಂದದ್ದು ಅಲಂಕಾರಕ್ಕಲ್ಲ. ಸ್ಟೀಯರಿಂಗಿನ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ ಹದಿನಾರು ಪಿನ್ನಿನ ಒಂದು ಕನೆಕ್ಟರ್ ಇರುತ್ತದೆ. ಓಬಿಡಿ ಎಂದು ಅದರ ವ್ಯವಸ್ಥೆಗೆ ಹೆಸರು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೂ, ನಮ್ಮಲ್ಲಿ ಭಾರತ್ ಸ್ಟೇಜ್ 4ರ ಕಾರುಗಳಿಗೆ 2013ರ ಏಪ್ರಿಲಿನಿಂದಲೂ ಇದರ ಎರಡನೆಯ ಹಂತ ಕಡ್ಡಾಯ. ಎಂಜಿನ್ನಿನ ಹೊಗೆ ಕೆಡುವಂಥ ದೋಷ ಕಂಡರೆ ಕಾರಿನೊಳಗಿನ ಗಣಕ ಒಂದು ಅಕ್ಷರ, ನಾಲ್ಕು ಅಂಕೆಗಳ ಸಂಕೇತವನ್ನು ನಮೂದಿಸಿ, ಹಳದಿ ದೀಪ ಹೊತ್ತಿಸುತ್ತದೆ. ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಕಾರು ಯಾವ ವೇಗದಲ್ಲಿತ್ತು ಎಂಬುದನ್ನೂ ಬರೆದಿಡುತ್ತದೆ. ಇಷ್ಟೆಲ್ಲ ಬರೆದಿಟ್ಟದ್ದು ಕಾನೂನಿನ ಒತ್ತಾಯದಿಂದ. ಓದುವ ಹಕ್ಕು ಮಾತ್ರ ಕಂಪನಿಯ ಹೆಸರಿನ ಅಂಗಿ ತೊಟ್ಟವರಿಗೇ ಸೀಮಿತವೆಂದು ನಾವು ನಂಬಿಕೊಂಡಿದ್ದೇವೆ.

ನಮ್ಮ ಸದಸ್ಯರೊಬ್ಬರ ಕಾರಿನಲ್ಲಿ ಮೇ ರಜೆಯಲ್ಲಿ ಊರಿಗೆ ಹೊರಡುವ ಎರಡು ದಿನ ಮುಂಚೆ ಈ ಹಳದಿ ದೀಪ ಹತ್ತಿತು. ಅಧಿಕೃತ ಸರ್ವೀಸ್ ಕೇಂದ್ರವೊಂದರಲ್ಲಿ ಯಂತ್ರ ಜೋಡಿಸಿ ನೋಡಿದರು. ನೋಡಿದ್ದಕ್ಕೆ ಬೇರೆ ಶುಲ್ಕ. ಏನು ಕಂಡಿತೆಂದು ಕೇಳಿದರೆ 'ಸೆನ್ಸರ್ ಹೋಗಿದೆ' ಎಂಬಷ್ಟೇ ಉತ್ತರ. ಆಮ್ಲಜನಕದ ಸೆನ್ಸರ್ ಬದಲಾಯಿತು, ದೀಪ ಆರಿತು. ಪನವೇಲಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರತ್ನಾಗಿರಿ ದಾಟುವಷ್ಟರಲ್ಲಿ ಮತ್ತೆ ಹೊತ್ತಿತು. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಉಡುಪಿ ತಲುಪಿದರು. ಅಲ್ಲಿಯ ಸಣ್ಣ ಗ್ಯಾರೇಜಿನ ಹುಡುಗ ಸವೆದ ಲ್ಯಾಪ್‌ಟಾಪೊಂದನ್ನು ಬಾನೆಟ್ಟಿನ ಮೇಲಿಟ್ಟು ನೋಡಿ, ಒಡೆದ ರಬ್ಬರ್ ಕೊಳವೆಯೊಂದನ್ನು ಕಿತ್ತು ತೋರಿಸಿದ. ಕಾಯಿಲೆ ಅಷ್ಟೇ.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಸಂಕೇತ ಪಿ0171. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಅದರ ಅರ್ಥ. ಸೆನ್ಸರ್ ಕೆಟ್ಟಿದೆ ಎಂದಲ್ಲ! ಸೆನ್ಸರ್ ನಿಜ ಹೇಳಿದ್ದಕ್ಕೇ ಅದಕ್ಕೆ ಮರಣದಂಡನೆ ವಿಧಿಸಿದ ಹಾಗಾಯಿತು. ಗಾಳಿ ಎಲ್ಲಿಂದ ನುಸುಳುತ್ತಿದೆ ಎಂದು ತಿಳಿಯಲು ಓಡುತ್ತಿರುವ ಎಂಜಿನ್ನಿನ ಅಂಕಿಗಳನ್ನು ನೋಡಬೇಕು. ಗಣಕವು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಸುರಿಯುತ್ತಿದೆ ಎಂಬ ಲೆಕ್ಕ, 'ಫ್ಯುಯೆಲ್ ಟ್ರಿಮ್', ಪರದೆಯ ಮೇಲೆ ಬರುತ್ತದೆ. ನಿಂತಲ್ಲಿ ಎಂಜಿನ್ ಸಾವಕಾಶ ತಿರುಗುವಾಗ ಇದು ಮೇಲೇರಿದ್ದು, 2500 ಸುತ್ತಿಗೆ ಏರಿಸಿದಾಗ ಕೆಳಗಿಳಿದರೆ ಎಲ್ಲೋ ಕೊಳವೆ ಸೋರುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಸುತ್ತು ಏರಿದಂತೆ ಟ್ರಿಮ್ಮೂ ಏರುತ್ತ ಹೋದರೆ ಪೆಟ್ರೋಲು ಪೂರೈಕೆಯ ಕಡೆ ನೋಡಬೇಕು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ಉಳಿಸಲು ಗಿರಾಕಿಯ ಸಾವಿರಾರು ರೂಪಾಯಿ ಖರ್ಚು ಮಾಡುವುದಕ್ಕೆ 'ಅಧಿಕೃತ' ಎಂಬ ವಿಶೇಷಣ ಬೇರೆ.

ಇದು ನಮ್ಮೊಬ್ಬರ ಗೋಳಾಟವಲ್ಲ. ಬಿಡಿಭಾಗಗಳನ್ನೂ ದೋಷ ಪರೀಕ್ಷೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದರೆಂದು ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಮೇಲ್ಮನವಿಗಳು ನಡೆದವು, ಆ ಕತೆ ದೊಡ್ಡದು. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಮತದಾರರು ಕಾರು ದುರಸ್ತಿಯ ಹಕ್ಕಿನ ಪರ ಮತ ಹಾಕಿದ್ದರು. ನಮ್ಮ ಕೇಂದ್ರ ಸರಕಾರವೂ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಆದರೆ ಹಕ್ಕು ಕಾಗದದ ಮೇಲಿದ್ದು, ಓದುವ ಯಂತ್ರ ಗ್ಯಾರೇಜಿನಲ್ಲಿ ಇಲ್ಲದಿದ್ದರೆ ಆ ಹಕ್ಕನ್ನು ಉಪ್ಪಿನಕಾಯಿ ಹಾಕಬೇಕೇ?

ಇನ್ನು ಯಂತ್ರದ ಮಾತು. 'ಮೊಬೈಲಿನಲ್ಲೇ ಎಲ್ಲ ಆಗುತ್ತದಲ್ಲ, ಹಳೆಯ ಕಬ್ಬಿಣ ಯಾಕೆ?' ಎಂದು ಮಕ್ಕಳು ಕೇಳುತ್ತಾರೆ. ಒಂದು ಸಂಕೇತ ಓದಿ ಸುಮ್ಮನಾಗುವುದಾದರೆ ಮೊಬೈಲು ಸಾಕು, ಒಪ್ಪೋಣ. ನಾಲ್ಕು ರೇಖೆಗಳನ್ನು ಒಟ್ಟಿಗೆ ನೋಡಬೇಕು, ಅರ್ಧ ಗಂಟೆಯ ಓಟವನ್ನು ದಾಖಲಿಸಬೇಕು, ಬ್ರೇಕಿನ ಎಬಿಎಸ್ ಗಣಕದೊಳಗೆ ಇಣುಕಬೇಕು ಎಂದರೆ ಕಂಪ್ಯೂಟರಿನ ತಂತ್ರಾಂಶಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಅವುಗಳಲ್ಲಿ ಹಲವು ಹಳೆಯ ವಿಂಡೋಸಿನ ಮೇಲೆ ನೆಮ್ಮದಿಯಾಗಿ ನಡೆಯುವಂಥವು.

ಗ್ಯಾರೇಜೆಂದರೆ ಮೆತ್ತನೆಯ ಮೇಜಲ್ಲ. ಪ್ಯಾನಸಾನಿಕ್ಕಿನವರು 1996ರಿಂದ ಮಾಡುತ್ತಿರುವ ಟಫ್‌ಬುಕ್ ಇಂಥ ಜಾಗಕ್ಕೆಂದೇ ಹುಟ್ಟಿದ್ದು: ಮೆಗ್ನೀಸಿಯಂ ಮಿಶ್ರಲೋಹದ ಮೈ, ರಬ್ಬರ್ ಮುಚ್ಚಳದ ಕಿಂಡಿಗಳು, ಎತ್ತಲು ಹಿಡಿಕೆ. ಸಿಎಫ್-19 ಮತ್ತು ಸಿಎಫ್-31 ಮಾದರಿಗಳಲ್ಲಿ ಹಳೆಯ ಆರ್‌ಎಸ್-232 ಸೀರಿಯಲ್ ಪೋರ್ಟ್ ಇದೆ. ಹಳೆಯ ಕಾರುಗಳ ಕೇಬಲ್ಲಿಗೆ ಇದಕ್ಕಿಂತ ನಂಬಿಗಸ್ತ ಗೆಳೆಯನಿಲ್ಲ. ಯುಎಸ್‌ಬಿ ಪರಿವರ್ತಕಗಳಲ್ಲಿ ನಕಲಿ ಚಿಪ್ಪುಗಳದೇ ಕಾರುಬಾರು. ಹೊಸ ಟಫ್‌ಬುಕ್ಕಿನ ಬೆಲೆ ಲಕ್ಷ ದಾಟುತ್ತದೆ. ಕಚೇರಿಗಳಿಂದ ವಿಲೇವಾರಿಯಾದ ಹಳೆಯವನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್‌ಗಳಂಥ ಪೇಟೆಗಳಲ್ಲಿ ಹುಡುಕಬೇಕು. ಪಟ್ಟು ಹಿಡಿದು ಹುಡುಕುವವರಿಗೆ ಸಿಗುತ್ತವೆ.

ಸಿಕ್ಕಿದ ಮೇಲೆ ಮಾಡಬೇಕಾದ ಕೆಲಸ ಬೆಟ್ಟದಷ್ಟೇನಿಲ್ಲ. ಪಕ್ಕದ ಮುಚ್ಚಳ ತೆರೆದು ಹಳೆಯ ಹಾರ್ಡ್ ಡಿಸ್ಕನ್ನು ಅದರ ಪೆಟ್ಟಿಗೆಯ ಸಮೇತ ಹೊರಗೆಳೆದು, ಆ ಜಾಗಕ್ಕೆ ಎಸ್‌ಎಸ್‌ಡಿ ಹಾಕುವುದು. ಮುದಿ ಯಂತ್ರಕ್ಕೆ ಹರೆಯ ಬಂದಂತಾಗುತ್ತದೆ. ಮೆಮೊರಿಯನ್ನು ಅದು ಹೊರುವಷ್ಟು ಹೆಚ್ಚಿಸುವುದು. ಹೊಸದಾಗಿ ವಿಂಡೋಸ್ ಕೂಡಿಸಿ, ಕೇಬಲ್ಲಿನ ಡ್ರೈವರ್ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಸೀರಿಯಲ್ ಪೋರ್ಟಿನ ಸಂಖ್ಯೆ ನೋಡಿ, ಅದೇ ಸಂಖ್ಯೆಯನ್ನು ತಂತ್ರಾಂಶದಲ್ಲಿ ಬರೆಯುವುದು. ಅರ್ಧ ಜನ ಸೋತು ಕೈಚೆಲ್ಲುವುದು ಈ ಸಂಖ್ಯೆ ಹೊಂದದೆ. ದೂರು ಮಾತ್ರ ಯಂತ್ರದ ಮೇಲೆ. ಎಲ್ಲ ಸರಿಯಾದ ಮೇಲೆ ಡಿಸ್ಕಿನ ಪೂರ್ಣ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು.

ಆಮೇಲೆ ಅಂತರ್ಜಾಲದ ನಂಟು ಕಡಿದುಬಿಡಬೇಕು. ಈ ಮಾತಿಗೆ ನಮ್ಮ ಯುವಕರು ಹೌಹಾರುತ್ತಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ, ಆದ್ದರಿಂದ ಲಕ್ಷಗಟ್ಟಲೆ ಯಂತ್ರಗಳು ಸತ್ತವೆಂದು ಅವರ ತೀರ್ಮಾನ. ಅಂಥದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಅದು ಸರಿಯಾದ ಮಾತೇ. ಆದರೆ ಹೊರಲೋಕದ ಸಹವಾಸವಿಲ್ಲದೆ ಕಾರಿನ ಕೇಬಲ್ಲಿಗೆ ಮಾತ್ರ ಕಿವಿಗೊಡುವ ಯಂತ್ರಕ್ಕೆ ಸಾವೆಲ್ಲಿಯದು? ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ಇಷ್ಟು ಯೋಚಿಸಲೂ ನಮಗೆ ಪುರಸೊತ್ತಿಲ್ಲ!

ಅಗ್ಗದ ಕನೆಕ್ಟರುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಇಎಲ್‌ಎಮ್327 ಎಂಬ ಚಿಪ್ಪು ಕೆನಡಾದ ಸಣ್ಣ ಕಂಪನಿಯೊಂದರ ಸೃಷ್ಟಿ. ಆ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು. ಅದರ ಮೊದಲ ಆವೃತ್ತಿಯನ್ನು ಕದ್ದು ನಕಲು ಮಾಡಿದವರು ಜಗತ್ತೆಲ್ಲ ಹರಡಿದ್ದಾರೆ. ನಕಲುಗಳ ಮೇಲೆ '1.5' ಎಂಬ ಸಂಖ್ಯೆ ರಾರಾಜಿಸುತ್ತದೆ. ಮೂಲ ಕಂಪನಿ ಅಂಥ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಸಂಘದ ಹಣದಲ್ಲಿ ಇಂಥದನ್ನು ಕೊಳ್ಳಕೂಡದು. ಕದ್ದ ತಂತ್ರಾಂಶವೂ ಬೇಡ. ಹಕ್ಕಿನ ಮಾತಾಡುವವರು ಕಳ್ಳಮಾಲು ಇಟ್ಟುಕೊಂಡರೆ ಕಂಪನಿಯವರ ಬಾಯಿಗೆ ನಾವೇ ಸಕ್ಕರೆ ಹಾಕಿದಂತೆ.

ಫೋರ್ಡ್ ಕಾರು ಇಟ್ಟುಕೊಂಡ ಸದಸ್ಯರು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಆ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಸಾರಿತು. ಷೆವ್ರೊಲೆ ಮಾರಾಟ ಅದಕ್ಕೂ ಮುಂಚೆ, 2017ರ ಕೊನೆಗೇ ನಿಂತಿತ್ತು. ಕಾರುಗಳೇನೋ ರಸ್ತೆಯಲ್ಲಿ ಓಡುತ್ತಲೇ ಇವೆ. ಇಂದು ಅಧಿಕೃತ ಬಾಗಿಲು ತೆರೆದಿರಬಹುದು. ಇನ್ನು ಹತ್ತು ವರ್ಷಕ್ಕೆ ನಮ್ಮೂರಿನಲ್ಲಿ ತೆರೆದಿರುತ್ತದೆಂದು ಬರೆದುಕೊಡುವವರಾರು? ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶ ಫೋರ್ಡಿನ ಒಳಗಣಕಗಳನ್ನು ಒಂದೊಂದಾಗಿ ಓದುತ್ತದೆ. ಕಂಪನಿ ಬಿಟ್ಟುಹೋದ ಮನೆಯ ಬೀಗದಕೈ ಯಾರಾದರೊಬ್ಬರ ಬಳಿ ಇರಬೇಕಲ್ಲ.

ಮುಖ್ಯವಾಗಿ, ಈ ಯಂತ್ರ ಸಂಘದ ಕಪಾಟಿನಲ್ಲಿ ಪಾರಿತೋಷಕಗಳ ಪಕ್ಕದಲ್ಲಿ ಕೂರಬಾರದು. ನಮ್ಮ ಬೀದಿಯ ಮೂಲೆಯ ಗ್ಯಾರೇಜಿನವನು ಇಪ್ಪತ್ತು ವರ್ಷ ಕಿವಿಯಿಂದಲೇ ಎಂಜಿನ್ನಿನ ಕಾಯಿಲೆ ಹೇಳಿದವನು. ಹೊಸ ಕಾರುಗಳ ಮುಂದೆ ಅವನು ಕೈಕಟ್ಟಿ ನಿಲ್ಲುವ ಹಾಗಾಗಿದೆ, ಗಿರಾಕಿಗಳು ಒಬ್ಬೊಬ್ಬರಾಗಿ ಗಾಜಿನ ಕಟ್ಟಡಗಳ ಕಡೆ ಹೊರಟಿದ್ದಾರೆ. ಅವನು ಅಂಗಡಿ ಮುಚ್ಚಿದ ದಿನ ನಮಗೆ ಆಯ್ಕೆ ಎಂಬುದೇ ಉಳಿಯುವುದಿಲ್ಲ. ಭಾನುವಾರಗಳಂದು ಯಂತ್ರವನ್ನು ಅವನ ಅಂಗಳಕ್ಕೆ ಒಯ್ದು, ನಮ್ಮ ಎಂಜಿನಿಯರ್ ಹುಡುಗರು ಅಂಕಿಗಳನ್ನು ಓದಿ ಹೇಳಲಿ, ಅವನು ಆ ಅಂಕಿಗೆ ಸರಿಯಾದ ಬೋಲ್ಟು ಯಾವುದೆಂದು ಅವರಿಗೆ ತೋರಿಸಲಿ. ಕಲಿಯುವುದು ಇಬ್ಬರಿಗೂ ಇದೆ. ಹುಡುಗರಿಗೇ ಹೆಚ್ಚು ಎಂದು ನಮ್ಮ ಅಂದಾಜು.

ಕೆಲವು ಕಟ್ಟುಪಾಡುಗಳು ಬೇಕೇ ಬೇಕು. ಸಂಕೇತವನ್ನೂ ಅದರ ಜತೆಗಿನ ದಾಖಲೆಯನ್ನೂ ಬರೆದುಕೊಳ್ಳುವ ಮುಂಚೆ ಯಾರೂ ಅಳಿಸಕೂಡದು. ದೀಪ ಆರಿಸಿ ಕಾರು ಮಾರುವವರಿಗೆ ಈ ಯಂತ್ರ ಕೊಡಕೂಡದು. ಗಣಕದೊಳಗಿನ ತಂತ್ರಾಂಶವನ್ನು ಹೊಸದಾಗಿ ಬರೆಯುವ ಸಾಹಸ ನಮ್ಮದಲ್ಲ. ನಡುವೆ ವಿದ್ಯುತ್ತು ಕೈಕೊಟ್ಟರೆ ಕಾರು ಅಲ್ಲೇ ಕಲ್ಲಾಗುತ್ತದೆ. ಏರ್‌ಬ್ಯಾಗಿನ ತಂತಿಗೆ ಕೈ ಹಾಕುವಂತಿಲ್ಲ.

ಮನೆಯಲ್ಲೋ ಕಚೇರಿಯಲ್ಲೋ ಇಂಥ ಲ್ಯಾಪ್‌ಟಾಪ್ ಮೂಲೆ ಸೇರಿದ್ದರೆ ಗ್ರಂಥಾಲಯದ ಸಮಯದಲ್ಲಿ ತಂದುಕೊಡಿರಿ. ಹಳೆಯ ಡಿಸ್ಕನ್ನು ನೀವೇ ಕಳಚಿ ಇಟ್ಟುಕೊಳ್ಳಬಹುದು, ಅದರ ಪೆಟ್ಟಿಗೆ ಮಾತ್ರ ನಮಗೆ ಬೇಕು. ಚಾರ್ಜರನ್ನು ಮರೆಯದೆ ತನ್ನಿರಿ: ಟಫ್‌ಬುಕ್ಕಿಗೆ ಬೇಕಾದದ್ದು 15.6 ವೋಲ್ಟಿನದು, ಸಂಘದ ಕಚೇರಿಯಲ್ಲಿರುವವೆಲ್ಲ 19 ವೋಲ್ಟಿನವು.