ಕಮಾನು ಗಾಡಿಯ ಪರವಾಗಿ

ಗಡಸುತನವನ್ನೇ ಗುಣವೆಂದು ತಿಳಿದವರೊಡನೆ ನನ್ನ ಜಗಳ ಹಳೆಯದು. ಬೆತ್ತ ಹಿಡಿದವರೇ ಒಳ್ಳೆಯ ಮೇಷ್ಟ್ರು ಎನ್ನುವವರ ಜೊತೆ ಇಪ್ಪತ್ತೆಂಟು ವರ್ಷಗಳಿಂದ ಸ್ಟಾಫ್ ರೂಮಿನಲ್ಲಿ ವಾದಿಸುತ್ತಲೇ ಬಂದಿದ್ದೇನೆ. ಆ ಜಗಳವೀಗ ನಮ್ಮಣ್ಣನ ಮಗನ ಕಾರಿನವರೆಗೂ ಬಂದಿದೆ.

ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡಂತೆ ನಿಲ್ಲುವ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಅದರ ಹೆಸರು ಇಲ್ಲಿ ಬೇಡ. ನನ್ನ ತಕರಾರು ಕಂಪೆನಿಯ ಮೇಲಲ್ಲ, ಒಂದು ನಂಬಿಕೆಯ ಮೇಲೆ. ಕಳೆದ ವರ್ಷ ಅಣ್ಣನಿಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಮೂರು ತಿಂಗಳ ನಂತರ ಡಾಕ್ಟರಿಗೆ ತೋರಿಸಬೇಕಿತ್ತು. ಮಗ ಪ್ರೀತಿಯಿಂದಲೇ ಕಾರು ತಂದ. ನಮ್ಮೂರಿನಿಂದ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಏಳು ಉಬ್ಬುಗಳು. ಏಳನೆಯದು ದಾಟಿದ ಮೇಲೆ ಅಣ್ಣ, 'ಬಸ್ ಸ್ಟ್ಯಾಂಡ್ ಹತ್ರ ನಿಲ್ಲಿಸಪ್ಪ' ಎಂದವನೇ ಇಳಿದು, ಸೊಂಟ ಹಿಡಿದುಕೊಂಡು ಸರ್ಕಾರಿ ಬಸ್ಸು ಹತ್ತಿದ. ಮಗ ಖಾಲಿ ಸೀಟಿನ ಪಕ್ಕ ಕೂತು ಬೆಂಗಳೂರಿಗೆ ಹೋದ. ಆಮೇಲೆ ಆರು ತಿಂಗಳು ಅಪ್ಪ ಮಗನ ನಡುವೆ ಆ ಕಾರಿನ ಮಾತೇ ಬರಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು.

ನಾನು ಕೇಳಿದ್ದಕ್ಕೆ, 'ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೇ ಅತ್ತೆ. ಮೆತ್ತಗೆ ಬೇಕು ಅನ್ನೋರು ಅಂಬಾಸಿಡರ್ ತಗೋಬೇಕು' ಎಂದ. ಅವನ ಗೆಳೆಯರೂ ಅದನ್ನೇ ಹೇಳುತ್ತಾರಂತೆ: ಗಡಸಾಗಿದ್ದರೇ ವೇಗ, ಸುಖ ಬೇಕೆನ್ನುವುದು ಮುದುಕರ ಲಕ್ಷಣ.

ಈ ಮಾತು ಸುಳ್ಳು. ಅದು ಸುಳ್ಳೆಂದು ನಮ್ಮ ತಾತನಿಗೂ ಗೊತ್ತಿತ್ತು. ಊರಿನಲ್ಲಿ ಗೊಬ್ಬರ ಹೇರುವ ಗಾಡಿಗೆ ಕಮಾನಿರಲಿಲ್ಲ, ಜನ ಕೂರುವ ಗಾಡಿಗೆ ಇತ್ತು. ಎತ್ತುಗಳನ್ನು ಓಡಿಸುತ್ತಿದ್ದುದು ಕಮಾನು ಗಾಡಿಗೆ ಕಟ್ಟಿದಾಗಲೇ. ಗೊಬ್ಬರದ ಗಾಡಿಯನ್ನು ಓಡಿಸಿದರೆ ಅದು ನೆಗೆದು ನೆಗೆದು ಕೀಲು ಸಡಿಲವಾಗುತ್ತಿತ್ತು. ಕಮಾನು ಬಂದದ್ದು ಸೋಮಾರಿಗಳಿಗಾಗಿ ಅಲ್ಲ, ಓಡುವವರಿಗಾಗಿ.

ನಾನು ಬಿ.ಎ., ಬಿ.ಎಡ್., ಸಮಾಜ ವಿಜ್ಞಾನದವಳು. ಉಳಿದದ್ದನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರ ಕೂತು ಕಲಿತೆ. ಸ್ಪ್ರಿಂಗಿನ ಕೆಲಸ ಭಾರ ಹೊತ್ತು ಬಾಗುವುದು. ಬಾಗಿದ ಸ್ಪ್ರಿಂಗು ತೊಟ್ಟಿಲಿನಂತೆ ತೂಗುತ್ತಲೇ ಇರಬಾರದಲ್ಲ, ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಆ ಶಕ್ತಿಯನ್ನು ಬಿಸಿಯಾಗಿಸಿ ಕಳೆಯುತ್ತದೆ. ಸಾಮಾನ್ಯ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ, ಸುಮಾರಾಗಿ ನಮ್ಮ ನಡಿಗೆಯ ಲಯ. ಸ್ಪ್ರಿಂಗನ್ನು ನಾಲ್ಕು ಪಟ್ಟು ಗಡಸು ಮಾಡಿದರೆ ತೂಗಾಟ ಎರಡು ಪಟ್ಟು ಚುರುಕಾಗುತ್ತದೆ. ಕೂತ ಮನುಷ್ಯನ ಮೈಗೆ ಅತ್ಯಂತ ತ್ರಾಸವಾಗುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕಿದಾಗ. ಗಡಸು ಗಾಡಿ ಆ ಕುಲುಕಾಟವನ್ನು ತಡೆಯದೆ ನೇರ ಬೆನ್ನಿಗೆ ಒಪ್ಪಿಸುತ್ತದೆ.

ಸುಖದ ಮಾತು ಬಿಡಿ, ವೇಗದ ಲೆಕ್ಕವನ್ನೇ ನೋಡೋಣ. ಟೈರು ನೆಲದ ಮೇಲಿದ್ದರೆ ತಾನೇ ತಿರುಗುವುದು, ಬ್ರೇಕು ಹಿಡಿಯುವುದು? ಗಾಳಿಯಲ್ಲಿ ನೆಗೆದ ಟೈರು ಯಾವ ಕೆಲಸಕ್ಕೆ ಬಂತು? ಕನ್ನಡಿಯಂಥ ರೇಸ್ ಟ್ರ್ಯಾಕಿನಲ್ಲಿ ಗಡಸು ಸರಿ. ಕಲ್ಲು ಹಾದಿಯಲ್ಲಿ ಓಡುವ ರ‍್ಯಾಲಿ ಕಾರುಗಳ ಚಕ್ರಗಳಿಗೆ ಉದ್ದಕ್ಕೆ ಮೇಲೆ ಕೆಳಗೆ ಆಡಲು ಜಾಗ ಬಿಟ್ಟಿರುತ್ತಾರೆ. 1962ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಲೋಟಸ್ ಎಲಾನ್ ಎಂಬ ಪುಟ್ಟ ಕಾರನ್ನು ಹೊರತಂದರು. ಹಗುರವಾದ ಮೈ, ಮೆತ್ತನೆಯ ಸ್ಪ್ರಿಂಗು, ಅದನ್ನು ಅಂಕೆಯಲ್ಲಿಡುವ ಒಳ್ಳೆಯ ಶಾಕ್. ತಿರುವಿನಲ್ಲಿ ಅದರ ಹಿಡಿತವನ್ನು ಇಂದಿಗೂ ಹೊಗಳುತ್ತಾರೆ. 2017ರಲ್ಲಿ ಮತ್ತೆ ಬಂದ ಫ್ರಾನ್ಸಿನ ಆಲ್ಪೀನ್ ಎ110 ಹಿಡಿದದ್ದೂ ಇದೇ ದಾರಿ. ಇವರಾರೂ ಮುದುಕರಿಗಾಗಿ ಕಾರು ಕಟ್ಟಿದವರಲ್ಲ.

ಹುಡುಗ ಈ ಪಟ್ಟಿ ಕೇಳಿ ತಲೆ ಕೆರೆದುಕೊಂಡ. ಆಮೇಲೆ ನಿಧಾನಕ್ಕೆ ನಿಜ ಹೊರಬಂತು. ಕೊಂಡ ಹೊಸದರಲ್ಲೇ ಯಾವುದೋ ಅಂಗಡಿಯವರು 'ಲುಕ್ ಬರುತ್ತೆ' ಎಂದು ಕಾರನ್ನು ಮೂರು ಸೆಂಟಿಮೀಟರ್ ತಗ್ಗಿಸುವ ಗಿಡ್ಡ ಸ್ಪ್ರಿಂಗು ಹಾಕಿಕೊಟ್ಟಿದ್ದರಂತೆ. ಶಾಕ್ ಮಾತ್ರ ಹಳೆಯದೇ, ಅದೂ ಎಣ್ಣೆ ಸೋರುತ್ತಿದ್ದದ್ದು. ಕಾರು ತಗ್ಗಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ಉಬ್ಬು ಸಿಕ್ಕಿದ ಕೂಡಲೇ ಸ್ಪ್ರಿಂಗಿನ ಆಟ ಮುಗಿದು, ಕೊನೆಯಲ್ಲಿರುವ ತಡೆ ರಬ್ಬರಿಗೆ ಕುಟ್ಟುತ್ತದೆ. ಅಣ್ಣನ ಬೆನ್ನಿಗೆ ಏಳು ಸಲ ಬಡಿದದ್ದು ಆ ರಬ್ಬರು. ಇದನ್ನು ಸ್ಪೋರ್ಟ್ಸ್ ಎನ್ನುತ್ತಾರೆಯೇ? ಹಣ ಕೊಟ್ಟು ಗೊಬ್ಬರದ ಗಾಡಿ ಮಾಡಿಸಿಕೊಂಡು ಬಂದಿದ್ದ!

ರಸ್ತೆಯದು ತಪ್ಪಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಸೂಚನೆಯಂತೆ ಉಬ್ಬು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಮಾತ್ರ ಎತ್ತರವಾಗಿ, ದುಂಡಗಿರಬೇಕು. ನಮ್ಮೂರ ಉಬ್ಬುಗಳು ಸಮಾಧಿಯಂತಿವೆ. ಆದರೆ ಅವು ಸರಿಹೋಗುವವರೆಗೆ ಅಣ್ಣನ ಬೆನ್ನು ಕಾಯುವುದಿಲ್ಲ.

ಸರಿ, ದುರಸ್ತಿಗೆ ಹೊರಟೆವು. ಹೊರಟೆವು ಎಂದರೆ ಹಣ ಅವನದು, ಬೈಗುಳ ನನ್ನದು. ಮೊದಲು ಟೈರು. ಪಂಕ್ಚರಾದರೂ ಓಡುವ ರನ್‌ಫ್ಲಾಟ್ ಟೈರುಗಳಿದ್ದವು. ಗಾಳಿಯಿಲ್ಲದೆಯೂ ಕಾರನ್ನು ಹೊರಬೇಕಾದ್ದರಿಂದ ಅವುಗಳ ಪಕ್ಕೆ ಬಹಳ ಗಡಸು. ಅವನ್ನು ತೆಗೆದು ಸಾಧಾರಣ ಟೈರು ಹಾಕಿಸಿ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ಟು, ಗಾಳಿ ಪಂಪು ಇಟ್ಟದ್ದಾಯಿತು. ಅರ್ಧ ರೋಗ ಅಲ್ಲಿಯೇ ಹೋಯಿತು. ಗಿಡ್ಡ ಸ್ಪ್ರಿಂಗು ಕಿತ್ತು ಕಂಪೆನಿಯ ಅಳತೆಯದನ್ನೇ ಮರಳಿ ಕೂರಿಸಿದರು. ಇನ್ನು ಶಾಕ್. ಹಾಲೆಂಡಿನ ಕೋನಿ, ಜರ್ಮನಿಯ ಬಿಲ್‌ಸ್ಟೈನ್, ಸ್ವೀಡನ್ನಿನ ಓಲಿನ್ಸ್ ಎಂದೆಲ್ಲ ಹೆಸರು ಹೇಳಿದ. ಹೆಸರಿಗಿಂತ ಗುಣ ನೋಡು ಎಂದೆ. ಸಣ್ಣ ಚುರುಕು ಕುಲುಕಾಟಕ್ಕೆ ಸಡಿಲಬಿಟ್ಟು, ದೊಡ್ಡ ನಿಧಾನ ತೂಗಾಟವನ್ನು ಬಿಗಿ ಹಿಡಿಯುವ ಕವಾಟವಿರುವ ಶಾಕ್‌ಗಳು ಸಿಗುತ್ತವೆ. ಅಂಥವನ್ನೇ ಹಾಕಿಸಿದ. ಶಾಕಿನ ತಲೆಯ ಮೇಲಿನ ರಬ್ಬರು ಹಳತಾಗಿ ಬಿರುಕು ಬಿಟ್ಟಿತ್ತು, ಅದೂ ಹೊಸತಾಯಿತು. ರಬ್ಬರಿನ ಬದಲು ಗಟ್ಟಿ ಪಾಲಿಯುರಿಥೇನ್ ಹಾಕೋಣ ಎಂದ ಮೆಕ್ಯಾನಿಕ್ಕನ್ನು ನಾನು ನೋಡಿದ ರೀತಿಗೆ ಅವನು ಮತ್ತೆ ಆ ಮಾತೆತ್ತಲಿಲ್ಲ.

'ತಿರುವಿನಲ್ಲಿ ವಾಲುತ್ತಲ್ಲ ಅತ್ತೆ' ಎಂದು ಹುಡುಗನ ಕೊನೆಯ ಆಕ್ಷೇಪ. ಅದಕ್ಕೆಂದೇ ಎಡ ಬಲ ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಎಂಬ ಸರಳಿದೆ. ಒಂದು ಪಕ್ಕ ವಾಲಿದಾಗ ಅದು ತಿರುಚಿಕೊಂಡು ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದಾಗ ತೆಪ್ಪಗಿರುತ್ತದೆ. ವಾಲುವುದು ನಿಜಕ್ಕೂ ತೊಂದರೆಯಾದರೆ ಅದನ್ನು ಒಂದಿಷ್ಟು ದಪ್ಪ ಮಾಡಿಸು, ಸ್ಪ್ರಿಂಗಿನ ತಂಟೆಗೆ ಹೋಗಬೇಡ ಎಂದೆ. ಇನ್ನೂ ಮಾಡಿಸಿಲ್ಲ, ಬೇಕೆನಿಸಿಲ್ಲವಂತೆ.

ಇಷ್ಟಾದರೂ ಅದು ಪಲ್ಲಕ್ಕಿಯಾಗಿಲ್ಲ, ಆಗುವುದೂ ಇಲ್ಲ. ಗಿಡ್ಡ ಕಾರು ಗಿಡ್ಡ ಕಾರೇ. ಹತ್ತಿ ಇಳಿಯಲು ಈಗಲೂ ಅಣ್ಣನಿಗೆ ಒಂದು ಕೈ ಬೇಕು. ನನಗಂತೂ ಸೀರೆ ಉಟ್ಟು ಅದರಿಂದ ಮರ್ಯಾದೆಯಾಗಿ ಇಳಿಯುವ ಉಪಾಯ ಇನ್ನೂ ತಿಳಿದಿಲ್ಲ.

ಹೋದ ತಿಂಗಳು ಅಣ್ಣನನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕಿತ್ತು. ಅಣ್ಣ ಬಸ್ಸಿನ ಚಿಲ್ಲರೆ ಜೇಬಿಗೆ ಹಾಕಿಕೊಂಡೇ ಕಾರು ಹತ್ತಿದ. ಸಂಜೆ ಹುಡುಗ ನನಗೆ ಫೋನ್ ಮಾಡಿ, ಪಟ್ಟಣದ ಬಸ್ ಸ್ಟ್ಯಾಂಡ್ ಬಂದಾಗ ತಾನಾಗಿಯೇ ಕಾರು ನಿಧಾನಿಸಿದೆ, ಅಪ್ಪ ಏನೂ ಹೇಳಲಿಲ್ಲ ಎಂದ. ಹಿರೀಸಾವೆ ದಾಟಿದ ಮೇಲೆ ನೋಡಿದರೆ ತಲೆ ಒಂದು ಪಕ್ಕಕ್ಕೆ ವಾಲಿತ್ತಂತೆ. ಯಡಿಯೂರಿನಲ್ಲಿ ಕಾಫಿಗೆ ನಿಲ್ಲಿಸೋಣವೆಂದುಕೊಂಡಿದ್ದವನು, ಎಬ್ಬಿಸಲು ಮನಸ್ಸು ಬಾರದೆ, ನೆಲಮಂಗಲದವರೆಗೆ ಹಾಗೇ ಓಡಿಸಿಕೊಂಡು ಹೋದನಂತೆ.