ಮಿದುಳಿನ ಲೆಕ್ಕವೂ ಮಗಳ ಓದೂ

ಬೈಂದೂರು ಕಡೆಯ ಗೃಹಸ್ಥರೊಬ್ಬರು ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿರುವರು. ಅವರ ಮಗಳು ವಿದ್ಯುತ್ ಎಂಜಿನಿಯರಿಂಗಿನಲ್ಲಿ ಬಿ.ಇ. ಮುಗಿಸಿ, ಈಗ ಮಿದುಳಿನ ಶಾಸ್ತ್ರದಲ್ಲಿ ಡಾಕ್ಟರೇಟಿಗೆ ಓದುವೆನೆನ್ನುತ್ತಾಳಂತೆ. ತಂತಿ ದೀಪಗಳ ವಿದ್ಯೆಗೂ ಮಿದುಳಿಗೂ ಏನು ಸಂಬಂಧ? ಇದಕ್ಕಾಗಿ ತೋಟದ ಮೇಲೆ ಸಾಲ ಎತ್ತಬೇಕಾದೀತೇ?

ಈ ಶಾಸ್ತ್ರಕ್ಕೆ ಗಣನಾತ್ಮಕ ನರವಿಜ್ಞಾನವೆಂದು ಹೆಸರು. (ಸಂಸ್ಕೃತದಲ್ಲಿ ನರನೆಂದರೆ ಮನುಷ್ಯ, ಇಲ್ಲಿರುವುದು ಕನ್ನಡದ ನರ. ಎರಡು ಭಾಷೆಗಳನ್ನು ಒಂದೇ ನೊಗಕ್ಕೆ ಹೂಡಿದ್ದಾರೆ, ಇರಲಿ.) ಮಿದುಳಿನ ಕೋಶಗಳು ಒಂದಕ್ಕೊಂದು ವರ್ತಮಾನ ಕಳುಹುವುದು ಅತಿ ಸೂಕ್ಷ್ಮವಾದ ವಿದ್ಯುತ್ಸ್ಪಂದನಗಳ ಮೂಲಕವಷ್ಟೆ. ಅವುಗಳನ್ನು ಅಳೆದು, ಗಣಿತದಿಂದ ಅರ್ಥ ಬಿಡಿಸುವವರಿಗೆ ವಿದ್ಯುತ್ತಿನ ಪಾಠವು ವ್ಯರ್ಥವಾಗದು.

ಕೃಷ್ಣ ಶೆಣೈಯವರನ್ನು ನೋಡಿರಿ. ಶೆಣೈ ಎಂಬ ಕುಲನಾಮವು ಗಂಗೊಳ್ಳಿ, ಕುಂದಾಪುರಗಳಲ್ಲಿ ಹೊಸತಲ್ಲ. ಇವರಾದರೋ 1968ರಲ್ಲಿ ಅಮೆರಿಕದಲ್ಲಿಯೇ ಜನಿಸಿದವರು. ಎಂ.ಐ.ಟಿ.ಯಲ್ಲಿ 1995ರಲ್ಲಿ ಇವರು ಡಾಕ್ಟರೇಟ್ ಪಡೆದುದು ವಿದ್ಯುತ್ ಎಂಜಿನಿಯರಿಂಗಿನಲ್ಲಿ. ಆ ಬಳಿಕ ಕ್ಯಾಲ್‌ಟೆಕ್ಕಿನಲ್ಲಿ ಆರು ವರ್ಷ ಪುನಃ ಶಿಷ್ಯವೃತ್ತಿಯನ್ನು ಕೈಕೊಂಡು ನರವಿಜ್ಞಾನವನ್ನು ಕಲಿತರು. 2001ರಲ್ಲಿ ಸ್ಟ್ಯಾನ್‌ಫರ್ಡಿನ ಅಧ್ಯಾಪಕರಾದರು. ಬೆನ್ನುಹುರಿಗೆ ಪೆಟ್ಟಾಗಿ ಕೈ ಆಡಿಸಲಾರದ ಒಬ್ಬ ವೃದ್ಧನು, ತಾನು ಕಾಗದದ ಮೇಲೆ ಬರೆಯುತ್ತಿರುವೆನೆಂದು ಮನಸ್ಸಿನಲ್ಲಿ ಭಾವಿಸಿದೊಡನೆ, ಅವನ ಮಿದುಳಿನಲ್ಲಿರಿಸಿದ ಸಣ್ಣ ಸಲಾಕೆಗಳು ಸ್ಪಂದನಗಳನ್ನು ಹಿಡಿದು ಯಂತ್ರಕ್ಕೆ ಮುಟ್ಟಿಸಿದುವು. ನಿಮಿಷಕ್ಕೆ ಸುಮಾರು 90 ಅಕ್ಷರಗಳು ಪರದೆಯ ಮೇಲೆ ಮೂಡಿದುವು. ಶೆಣೈಯವರೂ ಅವರ ಸಂಗಡಿಗರೂ ಇದನ್ನು 2021ರಲ್ಲಿ ಪ್ರಕಟಿಸಿದರು. 2023ರ ಜನವರಿಯಲ್ಲಿ, ತಮ್ಮ 54ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಅವರ ಪ್ರಯೋಗಶಾಲೆಯವರು, ಮಾತು ಕಳೆದುಕೊಂಡ ಒಬ್ಬ ಸ್ತ್ರೀಯ ಮಿದುಳಿನಿಂದ ನಿಮಿಷಕ್ಕೆ 62 ಪದಗಳನ್ನು ಓದಿ ತೋರಿಸಿದರು.

ಇನ್ನು ಹಣದ ಮಾತು. ತೋಟವನ್ನು ಮುಟ್ಟಬೇಡಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವಿದೆ. ಗೇಟ್ ಮೊದಲಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. 2023ರ ಜನವರಿಯಿಂದ ಸಂಶೋಧನಾ ವೇತನವು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅಮೆರಿಕದಲ್ಲಿಯೂ ಈ ಬಗೆಯ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಜೀವನಕ್ಕೆ ವೇತನವೂ ಉಂಟು; ಅರ್ಜಿಯ ದುಡ್ಡು, ಇಂಗ್ಲಿಷ್ ಪರೀಕ್ಷೆ, ಪ್ರಯಾಣದ ವೆಚ್ಚಗಳಷ್ಟೇ ಕೈಯಿಂದ. ವೇತನವಿಲ್ಲದೆ ಬರಿದೇ ಸ್ಥಾನ ಕೊಡುವೆವೆನ್ನುವವರಿಗೆ ಹಣ ಕಟ್ಟುವುದು ನನಗಂತೂ ವಿಹಿತವೆಂದು ತೋರದು.

ವೆಚ್ಚವಾಗುವುದು ಹಣವಲ್ಲ, ಕಾಲ. ಐದಾರು ವರ್ಷ ಹಿಡಿಯುತ್ತದೆ. ಅನಂತರ ಅಧ್ಯಾಪಕ ಪದವಿಗಳು ವಿರಳ. ಮದುವೆಯ ಮಾತೂ ಮನೆಯಲ್ಲಿ ಎದ್ದೀತು. ಇದನ್ನೆಲ್ಲ ಮಗಳೊಡನೆ ಈಗಲೇ ಬಿಚ್ಚಿ ಮಾತನಾಡಿರಿ. ಆದರೆ ನಿರ್ಣಯವು ಅವಳದಾಗಿರಲಿ.

ಅರ್ಜಿಯಲ್ಲಿ ಬಾಲ್ಯದ ಕನಸುಗಳನ್ನು ವರ್ಣಿಸುವುದಕ್ಕಿಂತ, ತಾನು ಮಾಡಿದ ಒಂದು ಕೆಲಸವನ್ನೂ ತನ್ನನ್ನು ಕಾಡುವ ಒಂದು ಪ್ರಶ್ನೆಯನ್ನೂ ಅವಳು ಸ್ಪಷ್ಟವಾಗಿ ಬರೆಯಲಿ. ಗುರುವಾಗಬೇಕಾದವರಿಗೆ ಪತ್ರ ಬರೆಯುವ ಮುನ್ನ ಅವರ ಒಂದೆರಡು ಪ್ರಬಂಧಗಳನ್ನಾದರೂ ಓದಿರಬೇಕು. ಅಮೆರಿಕದವರು ಸಾಧಾರಣವಾಗಿ ಮೂವರು ಅಧ್ಯಾಪಕರ ಶಿಫಾರಸು ಕೇಳುತ್ತಾರೆ. ನಾವು ಮೇಷ್ಟರುಗಳು ಬರೆದುಕೊಡುತ್ತಿದ್ದ ‘ಸುಶೀಲೆ, ವಿಧೇಯಳು’ ಎಂಬ ಯೋಗ್ಯತಾಪತ್ರವು ಅಲ್ಲಿ ನಡೆಯದು. ಅವಳ ಕೆಲಸವನ್ನು ಕಣ್ಣಾರೆ ಕಂಡವರೇ ಬರೆಯಬೇಕು. ಅರ್ಜಿಯ ಗಡುವು ಬಹುಮಟ್ಟಿಗೆ ಡಿಸೆಂಬರದಲ್ಲಿ ಬರುವುದರಿಂದ, ನವರಾತ್ರಿ ಕಳೆಯುವುದರೊಳಗೆ ಆ ಅಧ್ಯಾಪಕರನ್ನು ಕಂಡು ಕೇಳಿಕೊಳ್ಳುವುದು ಲೇಸು.